ಸಹಾಯ ಬೇಕು: ಮೊಂತಿ ಹಬ್ಬದ ಊಟಕ್ಕೆ ಪ್ಲಾಸ್ಟಿಕ್ ಬೇಡ

ನಾವು ಮಂಗಳೂರು ಕಡೆಯವರು. ಸೆಪ್ಟೆಂಬರ್ 8ಕ್ಕೆ ನಮ್ಮ ಕ್ರೈಸ್ತರ ಮೊಂತಿ ಹಬ್ಬ, ಅಂದರೆ ಮೇರಿ ಮಾತೆಯ ಹುಟ್ಟುಹಬ್ಬ ಮತ್ತು ತೆನೆ ಹಬ್ಬ. ಒಂಬತ್ತು ದಿನ ಮಕ್ಕಳು ಮೇರಿ ಮಾತೆಗೆ ಹೂ ಹಾಕುತ್ತಾರೆ, ಕೊನೆಗೆ ಹೊಸ ಅಕ್ಕಿಯ ಊಟ.

ಕಳೆದ ವರ್ಷ ನಮ್ಮ ಚರ್ಚ್ ವಾರ್ಡಿನ ಊಟಕ್ಕೆ ಪೇಪರ್ ತಟ್ಟೆ ತಂದಿದ್ದೆವು. ಮೊನ್ನೆ ಗೊಬ್ಬರದ ಗುಂಡಿ ಕೆದಕಿದರೆ ಕಾಗದ ಕರಗಿತ್ತು, ಮೇಲಿನ ಪ್ಲಾಸ್ಟಿಕ್ ಪೊರೆ ಮಾತ್ರ ಹಾಗೇ ಹೊಳೆಯುತ್ತಿತ್ತು. ತುಂಬಾ ನೋವಾಯಿತು. ತೆನೆ ಕೊಟ್ಟ ದೇವರಿಗೆ ವಂದನೆ ಹೇಳುವ ಹಬ್ಬ ಇದು. ಬೈಬಲಿನಲ್ಲಿ ಹೇಳುವ ಏದೆನ್ ತೋಟವನ್ನು ಕಾಯಲಿಕ್ಕೆ ತಾನೇ ದೇವರು ಮನುಷ್ಯನನ್ನು ಅಲ್ಲಿ ಇಟ್ಟದ್ದು, ಅಲ್ವಾ?

ಈ ಸಲ 200 ಜನರಿಗೆ ಬಾಳೆ ಎಲೆ ಅಥವಾ ಅಡಿಕೆ ಹಾಳೆ ತಟ್ಟೆ ಬೇಕು. ಜಾಸ್ತಿ ದುಡ್ಡಿಲ್ಲ. ಪಾಯಸಕ್ಕೆ ಸ್ಟೀಲ್ ಲೋಟ ಬಾಡಿಗೆಗೆ ಎಲ್ಲಿ ಸಿಗುತ್ತದೆ? ಅಷ್ಟೊಂದು ಹೂವನ್ನು ಈ ಮಳೆಯಲ್ಲಿ ವಾಸನೆ ಬರದ ಹಾಗೆ ಗೊಬ್ಬರ ಮಾಡುವುದು ಹೇಗೆ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.