ಪಾಳಿ ಶುರುವಾಗುವ ಮುಂಚೆ ಫೋರ್ಕ್‌ಲಿಫ್ಟ್ ಚೆಕ್: ಟಿಕ್ ಹಾಕುವುದು ಬಿಟ್ಟು ನಿಜಕ್ಕೂ ಏನು ನೋಡಬೇಕು?

ಹೊಸ ಆಪರೇಟರ್:
ಫೋರ್ಕ್‌ಲಿಫ್ಟ್ ಓಡಿಸಲು ಶುರು ಮಾಡಿ ನಾಲ್ಕು ತಿಂಗಳಾಯಿತು. ನಮ್ಮಲ್ಲಿ ಎರಡು ಗಾಡಿ ಇವೆ, ಒಂದು ಬ್ಯಾಟರಿಯದು, ಇನ್ನೊಂದು ಡೀಸೆಲ್. ಪ್ರತಿ ಪಾಳಿಗೂ ಒಂದು ಚೆಕ್‌ಲಿಸ್ಟ್ ಹಾಳೆ ಇರುತ್ತದೆ, ಆದರೆ ನಾನು ಬರುವಷ್ಟರಲ್ಲಿ ಎಷ್ಟೋ ಸಲ ಎಲ್ಲಾ ಟಿಕ್ ಆಗಿಯೇ ಇರುತ್ತದೆ, ನನ್ನ ಸಹಿ ಮಾತ್ರ ಬಾಕಿ. ಮೊನ್ನೆ ಡೀಸೆಲ್ ಗಾಡಿ ಕೆಳಗೆ ಅಂಗೈ ಅಗಲದ ಎಣ್ಣೆ ಕಲೆ ಕಂಡಿತು. ಹೇಳಿದೆ. "ಅದು ಹಳೇದು, ಲಾರಿ ಕಾಯ್ತಾ ಇದೆ, ಹತ್ತು" ಅಂದರು. ಹತ್ತಿದೆ. ಏನೂ ಆಗಲಿಲ್ಲ. ಆದರೆ ಅದು ಹಳೇ ಕಲೆಯೋ ಹೊಸದೋ ಅಂತ ನನಗೆ ಈಗಲೂ ಗೊತ್ತಿಲ್ಲ, ದಿನವಿಡೀ ತಲೆಯಲ್ಲಿ ಅದೇ ಕೊರೆಯುತ್ತಿತ್ತು. ಗೊತ್ತಿರುವವರು ಹೇಳಿ, ನಿಜಕ್ಕೂ ಏನೇನು ನೋಡಬೇಕು, ಎಷ್ಟು ಹೊತ್ತು ಬೇಕು? ದೋಷ ಕಂಡರೂ ಓಡಿಸು ಅಂದರೆ ಏನು ಮಾಡಬೇಕು?

ಹಳೇ ಗಾಡಿ:
ಮೊದಲು ಆ ಕಲೆ ವಿಷಯ. ಪಾಳಿ ಮುಗಿದಾಗ ಅದನ್ನು ಒರೆಸಿ, ಗಾಡಿ ಕೆಳಗೆ ಒಂದು ರಟ್ಟು ಹಾಸಿ ಹೋಗಿ. ಬೆಳಿಗ್ಗೆ ರಟ್ಟೇ ಹೇಳುತ್ತದೆ. ಹೋಸ್ ಎಲ್ಲಿ ಸೋರುತ್ತಿದೆ ಅಂತ ಕೈಯಿಂದ ಸವರಿ ನೋಡಲು ಮಾತ್ರ ಹೋಗಬೇಡಿ. ಒತ್ತಡದಲ್ಲಿರುವ ಹೈಡ್ರಾಲಿಕ್ ಎಣ್ಣೆ ಸೂಜಿ ತೂತಿನಿಂದ ಬಂದರೂ ಚರ್ಮದೊಳಗೆ ನುಗ್ಗುತ್ತದೆ, ಮೇಲೆ ಚುಕ್ಕೆಯಷ್ಟೇ ಕಾಣುತ್ತದೆ, ಒಳಗೆ ಕೈಯೇ ಹೋಗುವಷ್ಟು ಹಾಳು. ಹಾಗಾದರೆ ನೋವು ಬರಲಿ ಅಂತ ಕಾಯದೆ ಆಸ್ಪತ್ರೆಗೆ ಓಡಬೇಕು.

ನಾನು ಮಾಡುವ ಕ್ರಮ ಹೀಗೆ. ಕೀ ಹಾಕುವ ಮುಂಚೆ ಒಂದು ಸುತ್ತು. ಟೈರ್‌ನಲ್ಲಿ ತುಂಡು ಕಿತ್ತು ಹೋಗಿದೆಯಾ, ವೀಲ್ ನಟ್ ಎಲ್ಲಾ ಇವೆಯಾ, ಫೋರ್ಕ್ (ಲೋಡ್ ಎತ್ತುವ ಎರಡು ಕಬ್ಬಿಣದ ತೋಳು) ಜಾರದಂತೆ ಹಿಡಿಯುವ ಪಿನ್ ಕೂತಿದೆಯಾ, ತಲೆ ಮೇಲಿನ ಗಾರ್ಡ್ ಬಾಗಿದೆಯಾ. ಹೈಡ್ರಾಲಿಕ್ ಎಣ್ಣೆ ಮಟ್ಟ ನೋಡುವುದು ಫೋರ್ಕ್ ಪೂರ್ತಿ ಇಳಿಸಿದ ಮೇಲೆ. ಮೇಲಿದ್ದಾಗ ಎಣ್ಣೆ ಸಿಲಿಂಡರಿನಲ್ಲಿರುತ್ತದೆ, ಟ್ಯಾಂಕ್ ಕಮ್ಮಿ ತೋರಿಸುತ್ತದೆ, ಗೊತ್ತಿಲ್ಲದವರು ಸುಮ್ನೆ ಜಾಸ್ತಿ ಸುರಿದುಬಿಡುತ್ತಾರೆ. ಆಮೇಲೆ ಸೀಟಿನಲ್ಲಿ ಕೂತು ಬೆಲ್ಟ್ ಜಗ್ಗಿ ನೋಡಿ. ಹಾರ್ನ್, ಲೈಟ್, ರಿವರ್ಸ್ ಅಲಾರಂ. ಎರಡು ಮಾರು ಓಡಿಸಿ ಬ್ರೇಕ್, ಆಮೇಲೆ ಹ್ಯಾಂಡ್‌ಬ್ರೇಕ್, ಸ್ಟೀರಿಂಗ್ ಎರಡೂ ಕಡೆ. ಕೊನೆಗೆ ಮೇಲೆ ಏನೂ ಅಡ್ಡ ಇಲ್ಲದ ಕಡೆ ಖಾಲಿ ಮಾಸ್ಟ್ (ಫೋರ್ಕ್ ಮೇಲೆ ಕೆಳಗೆ ಹೋಗುವ ಮುಂದಿನ ಕಂಬ) ಪೂರ್ತಿ ಎತ್ತಿ ಇಳಿಸಿ, ಕಿವಿ ಕೊಟ್ಟು ಕೇಳಿ. ಎಳೆದು ಎಳೆದು ಹೋಗುತ್ತಿದೆಯಾ, ಒಂದು ಚೈನ್ ಬಿಗಿ ಇನ್ನೊಂದು ಸಡಿಲ ಇದೆಯಾ. ಮಾಸ್ಟ್ ಸಂದಿಗೆ ಕೈ ಹಾಕಬೇಡಿ. ಇಷ್ಟಕ್ಕೆ ಹತ್ತು ನಿಮಿಷ, ಅಭ್ಯಾಸವಾದ ಮೇಲೆ ಐದಾರು.

ಗ್ರೀಸ್ ಕೈ:
ನಾನು ಮೆಂಟೆನೆನ್ಸ್ ಕಡೆಯವನು. ಹಳೇ ಗಾಡಿ ಅಣ್ಣ ಹೇಳಿದ್ದೆಲ್ಲ ಸರಿ, ಫೋರ್ಕ್ ವಿಷಯ ಮಾತ್ರ ಬೇಗ ದಾಟಿಬಿಟ್ಟರು. ಫೋರ್ಕ್ ಸವೆಯುವುದು ಹಿಮ್ಮಡಿಯಲ್ಲಿ, ಅಂದರೆ ನಿಂತ ಭಾಗ ಮಲಗಿದ ಭಾಗಕ್ಕೆ ತಿರುಗುವ ಬಾಗಿನಲ್ಲಿ. ನೆಲಕ್ಕೆ ಉಜ್ಜಿಕೊಂಡು ಓಡಿಸುವವರ ಕೈಯಲ್ಲಿ ಬೇಗ ಹೋಗುತ್ತದೆ. ಅಲ್ಲಿ ದಪ್ಪ 10% ಕಮ್ಮಿಯಾದರೆ ಎತ್ತುವ ಶಕ್ತಿ ಸುಮಾರು 20% ಬಿದ್ದುಹೋಗುತ್ತದೆ. 40 ಮಿಲಿಮೀಟರ್ ಇದ್ದದ್ದು 36ಕ್ಕೆ ಬಂದರೆ ಆ ಫೋರ್ಕ್ ಮುಗಿಯಿತು, ವೆಲ್ಡಿಂಗ್ ಮಾಡಿಸುತ್ತೇನೆ ಅಂತ ಯಾರಾದರೂ ಬಂದರೆ ವಾಪಸ್ ಕಳಿಸಿ. ಹೊಸದಿದ್ದಾಗ ಎಷ್ಟಿತ್ತು ಗೊತ್ತಿಲ್ಲ ಅಂದರೆ ಸವೆಯದ ನಿಂತ ಭಾಗವನ್ನು ಅಳೆದು ಹೋಲಿಸಿ. ಎರಡು ಫೋರ್ಕಿನ ತುದಿ ಒಂದೇ ಎತ್ತರದಲ್ಲಿವೆಯಾ ಅಂತಲೂ ನೋಡಿ. ವ್ಯತ್ಯಾಸ ಫೋರ್ಕ್ ಉದ್ದದ 3% ಮೀರಬಾರದು, 1 ಮೀಟರ್ ಫೋರ್ಕಿಗೆ 30 ಮಿಲಿಮೀಟರ್.

ಅಳತೆ ನಮ್ಮ ಕೆಲಸ, ದಿನಾ ನೀವು ಮಾಡಬೇಕಿಲ್ಲ. ಬಿರುಕು, ಬಾಗು, ತುಕ್ಕು ಹಿಡಿದು ಮಡಚದ ಚೈನ್ ಕೊಂಡಿ ಕಣ್ಣಿಗೆ ಬಿದ್ದರೆ ಸಾಕು. ಇನ್ನೊಂದು, ನನಗೆ ಬರುವ ಹಾಳೆಗಳಲ್ಲಿ "ಬ್ರೇಕ್ ಪ್ರಾಬ್ಲಂ" ಅಂತಷ್ಟೇ ಇರುತ್ತದೆ. ಏನು ಮಾಡಲಿ ಅದನ್ನ ಇಟ್ಟುಕೊಂಡು? "ಪೆಡಲ್ ಅರ್ಧಕ್ಕಿಂತ ಕೆಳಗೆ ಹೋದ ಮೇಲೆ ಹಿಡಿಯುತ್ತದೆ, ಎಡಕ್ಕೆ ಎಳೆಯುತ್ತದೆ" ಅಂತ ಬರೆಯಿರಿ, ಅರ್ಧ ಕೆಲಸ ಅಲ್ಲೇ ಆಗುತ್ತದೆ.

ರಾತ್ರಿ ಪಾಳಿ:
ಬ್ಯಾಟರಿ ಗಾಡಿ ಬಗ್ಗೆ ಯಾರೂ ಹೇಳಲಿಲ್ಲ. ಲೆಡ್ ಆಸಿಡ್ ಬ್ಯಾಟರಿಯಾದರೆ ಡಿಸ್ಟಿಲ್ಡ್ ವಾಟರ್ ಹಾಕುವುದು ಚಾರ್ಜ್ ಆದ ಮೇಲೆ. ಮುಂಚೆ ತುಂಬಿದರೆ ಚಾರ್ಜ್ ಆಗುವಾಗ ಉಕ್ಕಿ ಆಸಿಡ್ ಹೊರಗೆ ಬರುತ್ತದೆ. ಬ್ಯಾಟರಿ ಒಳಗಿನ ಪ್ಲೇಟ್ ನೀರಿನಿಂದ ಮೇಲೆ ಬರಿದಾಗಿ ಕಾಣುತ್ತಿದ್ದರೆ ಮಾತ್ರ ಮುಚ್ಚುವಷ್ಟು ಹಾಕಿ ಚಾರ್ಜಿಗೆ ಇಡಿ. ಚಾರ್ಜಿನಲ್ಲಿ ಹೈಡ್ರೋಜನ್ ಬರುತ್ತದೆ, ಗಾಳಿಯಲ್ಲಿ 4% ಸೇರಿದರೆ ಹೊತ್ತಿಕೊಳ್ಳಲು ಒಂದು ಕಿಡಿ ಸಾಕು. ಕನೆಕ್ಟರ್ ಕರಗಿದೆಯಾ, ಕೇಬಲ್ ಸುಲಿದಿದೆಯಾ ನೋಡಿ, ಕನ್ನಡಕ, ಗ್ಲೌಸ್ ಹಾಕಿಕೊಂಡೇ ನೋಡಿ.

ನೋಡೋಣ ಬಿಡಿ:
ಹೇಳಲಿಕ್ಕೆ ಚೆಂದ. ನಿಮ್ಮ ಪಟ್ಟಿ ಹಿಡಿದುಕೊಂಡು ಗಾಡಿ ನಿಲ್ಲಿಸಿದರೆ ಲೋಡ್ ಯಾರು ಇಳಿಸುತ್ತಾರೆ? ಆಪರೇಟರ್ ಮಾತು ಯಾರು ಕೇಳುತ್ತಾರೆ?

ಹಳೇ ಗಾಡಿ:
ಕೇಳಲ್ಲ, ನಿಜ. ಬಾಯಲ್ಲಿ ಹೇಳಿದ್ದನ್ನು ಕೇಳಲ್ಲ. ಬರೆದದ್ದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ. ಸೀಟ್ ಕವರ್ ಹರಿದಿದ್ದಕ್ಕೆ ನಾನೂ ಗಾಡಿ ನಿಲ್ಲಿಸಲ್ಲ, ಬರೆದು ಓಡಿಸುತ್ತೇನೆ. ಬ್ರೇಕ್, ಸ್ಟೀರಿಂಗ್, ಫೋರ್ಕ್, ಚೈನ್, ಎಣ್ಣೆ ಸೋರಿಕೆ, ಬೆಲ್ಟ್, ಹಾರ್ನ್ ಇವುಗಳಲ್ಲಿ ಚೌಕಾಸಿ ಇಲ್ಲ. ಕೀ ತೆಗೆದು, "ಓಡಿಸಬೇಡಿ" ಅಂತ ಟ್ಯಾಗ್ ಕಟ್ಟಿ, ಹಾಳೆ ಸೂಪರ್‌ವೈಸರ್ ಕೈಗೆ. ಅಮೆರಿಕದ ಓಶಾ (ಕೆಲಸದ ಜಾಗದ ಸುರಕ್ಷತೆ ನೋಡುವ ಸರ್ಕಾರಿ ಸಂಸ್ಥೆ) ನಿಯಮ 1910.178 ಇದನ್ನೇ ಹೇಳುತ್ತದೆ: ದಿನಕ್ಕೊಮ್ಮೆಯಾದರೂ ನೋಡಬೇಕು, ಹಗಲು ರಾತ್ರಿ ಓಡುವ ಗಾಡಿಯಾದರೆ ಪ್ರತಿ ಪಾಳಿ ಮುಗಿದ ಮೇಲೆ, ದೋಷ ಕಂಡರೆ ಓಡಿಸುವ ಹಾಗಿಲ್ಲ. ಬೇರೆ ಕಡೆ ಕಾನೂನಿನ ಮಾತು ಬೇರೆ ಇರಬಹುದು, ನಿಮ್ಮ ಗಾಡಿಯ ಮ್ಯಾನುಯಲ್ ತೆರೆದು ತೋರಿಸಿ. ಮತ್ತೆ ಬೇರೆಯವರು ಹಾಕಿದ ಟಿಕ್ ಕೆಳಗೆ ಸಹಿ ಮಾಡಬೇಡಿ ತಮ್ಮಾ. ನಾಳೆ ಏನಾದರೂ ಆದರೆ ಹೆಸರು ನಿಮ್ಮದೇ ಇರುತ್ತದೆ.

ಹೊಸ ಆಪರೇಟರ್:
ರಟ್ಟು ಹಾಸಿದ್ದೆ. ಬೆಳಿಗ್ಗೆ ಟಿಲ್ಟ್ ಸಿಲಿಂಡರಿನ (ಮಾಸ್ಟ್ ಹಿಂದೆ ಮುಂದೆ ಬಾಗಿಸುವುದು) ಹೋಸ್ ನೇರಕ್ಕೆ ಮೂರು ಹನಿ, ಇನ್ನೂ ಹಸಿ. ಜಾಗ ಸಮೇತ ಬರೆದು ಕೊಟ್ಟೆ. ಮೆಕ್ಯಾನಿಕ್ ಬಂದು ನೋಡಿದರೆ ಹೋಸ್ ಫಿಟ್ಟಿಂಗ್ ಹತ್ತಿರ ಒಡೆದಿದೆ. ಮಧ್ಯಾಹ್ನದವರೆಗೆ ಗಾಡಿ ನಿಂತಿತು, ಸೂಪರ್‌ವೈಸರ್ ಮುಖ ಊದಿಸಿಕೊಂಡಿದ್ದಾರೆ, ಇರಲಿ. ಇವತ್ತು ಖಾಲಿ ಹಾಳೆಯನ್ನೇ ಕೇಳಿ ತೆಗೆದುಕೊಂಡೆ. ಇನ್ನೊಂದು ಡೌಟು: ಎಷ್ಟು ಭಾರ ಎತ್ತಬಹುದು ಅಂತ ಇರುವ ಪ್ಲೇಟ್ ಮೇಲೆ ಯಾರೋ ಪೇಂಟ್ ಬಳಿದಿದ್ದಾರೆ, ಓದಲು ಆಗುತ್ತಿಲ್ಲ. ಅದನ್ನೂ ಬರೆಯಬೇಕಾ?

ಗ್ರೀಸ್ ಕೈ:
ಬರೆಯಲೇಬೇಕು. ಅದಿಲ್ಲದೆ ಯಾವ ಎತ್ತರಕ್ಕೆ ಎಷ್ಟು ಕೆಜಿ ಅಂತ ಹೇಗೆ ಗೊತ್ತಾಗಬೇಕು? ಥಿನ್ನರ್ ಹಾಕಿ ಉಜ್ಜಬೇಡಿ, ಅಕ್ಷರ ಪ್ರಿಂಟ್ ಮಾಡಿದ್ದಾದರೆ ಅದೂ ಅಳಿಸಿಹೋಗುತ್ತದೆ. ಸೀರಿಯಲ್ ನಂಬರ್ ಗಾಡಿಯ ಫ್ರೇಮ್ ಮೇಲೂ ಕೆತ್ತಿರುತ್ತಾರೆ, ಅದನ್ನು ಬರೆದುಕೊಟ್ಟರೆ ತಯಾರಕರಿಂದ ಹೊಸ ಪ್ಲೇಟ್ ತರಿಸಬಹುದು.