ಸ್ಟೀರಿಂಗ್ ಲೂಸ್ ಇದೆ, ಆದರೆ ಆ ಸ್ಕ್ರೂ ಮುಟ್ಟಬೇಡಿ

ಮಾವ: (ವಿಡಿಯೋ) ಎಲ್ಲರೂ ನೋಡಿ. ಈ ಹುಡುಗ ಸ್ಟೀರಿಂಗ್ ಬಾಕ್ಸ್ (ಸ್ಟೀರಿಂಗ್ ತಿರುಗಿಸಿದ್ದನ್ನು ಚಕ್ರದ ಕಡೆ ದಾಟಿಸುವ ಗೇರ್ ಪೆಟ್ಟಿಗೆ) ಮೇಲಿನ ಒಂದು ಸ್ಕ್ರೂ ಅರ್ಧ ಸುತ್ತು ಬಿಗಿ ಮಾಡಿದ, ಆಟ (ಚಕ್ರ ತಿರುಗದೆ ಸ್ಟೀರಿಂಗ್ ಮಾತ್ರ ಅಲ್ಲಾಡುವ ಲೂಸ್) ಪೂರ್ತಿ ಹೋಯಿತು. ನಾವು ಇಷ್ಟು ದಿನ ಸುಮ್ನೆ ತಲೆ ಕೆಡಿಸಿಕೊಂಡೆವು. ಭಾನುವಾರ ನಮ್ಮ ಹಳೇ ಗಾಡಿಗೂ ಮಾಡಿಬಿಡೋಣ.

ಭಾವ: ದಯವಿಟ್ಟು ಬೇಡ ಮಾವ. ಅದು ಕೊನೆಗೆ ಮುಟ್ಟಬೇಕಾದ ಸ್ಕ್ರೂ. ಲೂಸ್ ಎಲ್ಲಿದೆ ಅಂತ ಆ ಹುಡುಗ ನೋಡಲೇ ಇಲ್ಲ, ನೇರವಾಗಿ ಸ್ಪ್ಯಾನರ್ ಹಾಕಿದ.

ಮಾವ: ಬಿಗಿಯಾಗಿದ್ದು ಕಣ್ಣಿಗೆ ಕಾಣಿಸುತ್ತಿದೆಯಲ್ಲ!

ಭಾವ: ನಿಂತ ಗಾಡಿಯಲ್ಲಿ ಕಾಣಿಸುತ್ತದೆ. ತಿರುವು ದಾಟಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುತ್ತದಾ ಅಂತ ಓಡಿಸಿ ತೋರಿಸಿದನಾ? ಗಾಡಿ ಜಾಸ್ತಿ ಹೊತ್ತು ನೇರವಾಗಿಯೇ ಓಡುತ್ತದೆ, ಹಾಗಾಗಿ ಬಾಕ್ಸ್ ಒಳಗಿನ ವರ್ಮ್ (ಸ್ಕ್ರೂನಂಥ ಸುರುಳಿ ಗೇರ್) ಸವೆಯುವುದು ನಡುಭಾಗದಲ್ಲಿ. ಎರಡೂ ಪಕ್ಕ ಅಷ್ಟು ಸವೆದಿರುವುದಿಲ್ಲ. ನಡುವಿನ ಆಟ ಹೋಗುವವರೆಗೆ ಬಿಗಿ ಮಾಡಿದರೆ ತಿರುವಿನಲ್ಲಿ ಹಿಡಿದುಕೊಳ್ಳುತ್ತದೆ. ಲೂಸ್ ಸ್ಟೀರಿಂಗ್‌ಗಿಂತ ಅದು ಅಪಾಯ.

ತಮ್ಮ: ನಮ್ಮದು ರ‍್ಯಾಕ್ (ಉದ್ದನೆಯ ಹಲ್ಲಿನ ಪಟ್ಟಿ ಚಕ್ರ ತಿರುಗಿಸುವ ಬಗೆ) ಅಲ್ವಾ?

ಭಾವ: ಅಲ್ಲ, ವರ್ಮ್ ಅಂಡ್ ರೋಲರ್ (ವರ್ಮ್ ಮೇಲೆ ರೋಲರ್ ಉರುಳುವ) ಬಾಕ್ಸ್. ರ‍್ಯಾಕ್ ಆಗಿದ್ದರೆ ಆಟ ಹೊಂದಿಸುವ ರೀತಿಯೇ ಬೇರೆ, ಈ ಜಗಳವೂ ಇರುತ್ತಿರಲಿಲ್ಲ.

ಅತ್ತೆ: ಗುಡ್ ಮಾರ್ನಿಂಗ್ ಹೂವು ಕಳಿಸುವ ಗುಂಪು ಇದು, ಗ್ಯಾರೇಜ್ ಅಲ್ಲ 😄

ಅಕ್ಕ: ಸ್ವಲ್ಪ ತಡೀರಿ ಅತ್ತೆ. ಮಾವ, ಸ್ಟೀರಿಂಗ್ ರಿಮ್ (ಕೈಯಲ್ಲಿ ಹಿಡಿಯುವ ಬಳೆ) ಹತ್ತಿರ ಎಷ್ಟು ಆಟ ಇದೆ? ಬಾಕ್ಸ್ ಇರುವ ಹಳೇ ಗಾಡಿಗಳಲ್ಲಿ ಒಂದು ಇಂಚಿನ ಒಳಗೆ ಇದ್ದರೆ ಸಾಮಾನ್ಯ, ಸರಿಯಾದ ಲೆಕ್ಕ ಆ ಗಾಡಿಯ ಮ್ಯಾನ್ಯುವಲ್‌ನಲ್ಲಿ ಸಿಗುತ್ತದೆ.

ಮಾವ: ಎರಡು ಇಂಚು ದಾಟಿದೆ.

ಅಕ್ಕ: ಹಾಗಾದರೆ ಅಷ್ಟೂ ಬಾಕ್ಸ್‌ನದೇ ಅಂತ ನನಗೆ ಅನಿಸುವುದಿಲ್ಲ. ನಾಲ್ಕೂ ಚಕ್ರ ನೆಲದ ಮೇಲಿರಲಿ, ಇಂಜಿನ್ ಆಫ್, ಹ್ಯಾಂಡ್‌ಬ್ರೇಕ್ ಹಾಕಿ. ಒಬ್ಬರು ಒಳಗೆ ಕೂತು ಸ್ಟೀರಿಂಗ್ ಅನ್ನು ಆಟ ಇರುವಷ್ಟೇ ಎಡಬಲ ಅಲ್ಲಾಡಿಸಬೇಕು, ಇನ್ನೊಬ್ಬರು ಕಾಲಮ್ (ಸ್ಟೀರಿಂಗ್‌ನಿಂದ ಕೆಳಗಿಳಿಯುವ ಕಂಬಿ) ಕೆಳಗಿನ ಜೋಡಣೆಯಿಂದ ಶುರುಮಾಡಿ ಬಾಕ್ಸ್, ಪಿಟ್‌ಮನ್ ಆರ್ಮ್ (ಬಾಕ್ಸ್‌ನಿಂದ ಹೊರಬರುವ ತೋಳು), ಐಡ್ಲರ್ (ಇನ್ನೊಂದು ಪಕ್ಕ ಆಧಾರ ಕೊಡುವ ತೋಳು), ಟೈ ರಾಡ್ ಎಂಡ್ (ಚಕ್ರ ತಿರುಗಿಸುವ ಕಂಬಿಯ ತುದಿಯ ಕೀಲು) ಅಂತ ಒಂದೊಂದೇ ಕೈಯಿಟ್ಟು ನೋಡುತ್ತಾ ಹೋಗಬೇಕು. ಒಂದು ಭಾಗ ಅಲ್ಲಾಡಿ, ಅದಕ್ಕೆ ಸೇರಿದ ಭಾಗ ಸ್ವಲ್ಪ ತಡವಾಗಿ ಅಲ್ಲಾಡಿದರೆ ಕಳ್ಳ ಅಲ್ಲೇ ಇದ್ದಾನೆ. ಬಾಕ್ಸ್‌ನ ಬೋಲ್ಟ್ ಸಡಿಲವಾಗಿ ಇಡೀ ಬಾಕ್ಸೇ ಚಾಸಿ ಮೇಲೆ ಓಡಾಡುವುದೂ ಉಂಟು. ಆಗ ಒಳಗಿನ ಸ್ಕ್ರೂ ಎಷ್ಟು ತಿರುಗಿಸಿದರೂ ದಂಡ.

ತಮ್ಮ: ಚಕ್ರದ ಬೇರಿಂಗ್ ಆಗಿದ್ದರೆ?

ಭಾವ: ಮುಂದಿನ ಚಕ್ರ ಎತ್ತಿ, ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲುಗಿಸು. ಆಟ ಇದ್ದರೆ ಬೇರಿಂಗ್ ಇರಬಹುದು, ಕಿಂಗ್ ಪಿನ್ (ಮುಂದಿನ ಚಕ್ರ ಎಡಬಲ ತಿರುಗುವ ಗೂಟ) ಇರಬಹುದು. ಈಗ ಒಬ್ಬರು ಬ್ರೇಕ್ ಒತ್ತಲಿ. ಆಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಕಿಂಗ್ ಪಿನ್. 3 ಮತ್ತು 9ರಲ್ಲಿ ಮಾತ್ರ ಆಟ ಇದ್ದರೆ ಸಾಮಾನ್ಯವಾಗಿ ಟೈ ರಾಡ್ ಕಡೆ ನೋಡಬೇಕು.

ಮಾವ: ನಾನು ಬಾಕ್ಸ್‌ಗೆ ಗ್ರೀಸ್ ತುಂಬಬೇಕು ಅಂತಿದ್ದೆ, ಎಣ್ಣೆ ಸೋರುತ್ತಿದೆ.

ಭಾವ: ಅಯ್ಯೋ! ಗಟ್ಟಿ ಗ್ರೀಸ್ ಒಮ್ಮೆ ಪಕ್ಕಕ್ಕೆ ಸರಿದರೆ ಮತ್ತೆ ಗೇರ್ ಹಲ್ಲಿನ ಮೇಲೆ ಹರಿದು ಬರುವುದಿಲ್ಲ, ಹಲ್ಲು ಒಣಗಿಯೇ ಉಜ್ಜುತ್ತದೆ. ಸೀಲ್ ಬದಲಾಯಿಸಿ, ಮ್ಯಾನ್ಯುವಲ್ ಹೇಳಿದ ಎಣ್ಣೆ ಹಾಕೋಣ. ಗ್ರೀಸ್ ಕಿಂಗ್ ಪಿನ್ ನಿಪ್ಪಲ್‌ಗೆ (ಗ್ರೀಸ್ ತುಂಬುವ ಮೂತಿ) ಹೊಡೆಯಿರಿ, ಅದೂ ಚಕ್ರ ಎತ್ತಿ, ಇಲ್ಲದಿದ್ದರೆ ಭಾರ ಬಿದ್ದ ಕಡೆ ಒಳಗೆ ಹೋಗುವುದೇ ಇಲ್ಲ.

ಮಾವ: ಒಟ್ಟಿನಲ್ಲಿ ಸ್ಕ್ರೂ ಮುಟ್ಟುವಂತಿಲ್ಲ.

ಭಾವ: ಮುಟ್ಟೋಣ, ಉಳಿದಿದ್ದೆಲ್ಲ ಸರಿಯಾದ ಮೇಲೂ ಆಟ ಇದ್ದರೆ. ಚಕ್ರ ಎತ್ತಿ, ಸ್ಟೀರಿಂಗ್ ನೇರ ಇಟ್ಟು, ಲಾಕ್ ನಟ್ (ಸ್ಕ್ರೂ ಅಲುಗದಂತೆ ಹಿಡಿಯುವ ನಟ್) ಸಡಿಲಿಸಿ, ಸ್ಕ್ರೂ ಅರೆಕಾಲು ಸುತ್ತಿಗಿಂತ ಜಾಸ್ತಿ ಬೇಡ. ಪ್ರತಿ ಸಲ ಎಡದ ಕೊನೆಯಿಂದ ಬಲದ ಕೊನೆವರೆಗೆ ತಿರುಗಿಸಿ ನೋಡಬೇಕು. ಎಲ್ಲಾದರೂ ಹಿಡಿದರೆ ತಕ್ಷಣ ಹಿಂದಕ್ಕೆ. ನಟ್ ಬಿಗಿಯುವಾಗ ಸ್ಕ್ರೂ ಜೊತೆಗೇ ತಿರುಗದಂತೆ ಹಿಡಿದಿರಬೇಕು.

ಅಕ್ಕ: ಟೈ ರಾಡ್ ಎಂಡ್ ಬದಲಾಯಿಸಿದರೆ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಮಾಡುವುದು) ಮಾಡಿಸಲೇಬೇಕು. ಸ್ಪ್ಲಿಟ್ ಪಿನ್ (ನಟ್ ಬಿಚ್ಚಿಕೊಳ್ಳದಂತೆ ತೂತಿಗೆ ಹಾಕಿ ಬಗ್ಗಿಸುವ ಪಿನ್) ತೂತು ಸೇರದಿದ್ದರೆ ನಟ್ ಇನ್ನೂ ಸ್ವಲ್ಪ ಬಿಗಿ ಮಾಡಿ, ಸಡಿಲಿಸಿ ಸೇರಿಸಬೇಡಿ. ಹಳೇ ಪಿನ್ ಮತ್ತೆ ಹಾಕುವುದಂತೂ ಬೇಡವೇ ಬೇಡ.

ತಮ್ಮ: ಸರಿ, ಒಳಗೆ ಕೂತು ಅಲ್ಲಾಡಿಸುವ ಕೆಲಸ ನನ್ನದು.

ಅತ್ತೆ: ಬಟ್ಟೆ ಕೊಳೆ ಆಗದ ಕೆಲಸ ಹುಡುಕಿಕೊಂಡ ನೋಡಿ.

ಭಾವ: ನಾನು ಆಕ್ಸಲ್ ಸ್ಟ್ಯಾಂಡ್ (ಎತ್ತಿದ ಗಾಡಿಯ ಭಾರ ಹೊರುವ ಆಸರೆ) ತರುತ್ತೇನೆ. ಬರೀ ಜ್ಯಾಕ್ ನಂಬಿ ಯಾರೂ ಗಾಡಿ ಅಡಿಗೆ ನುಗ್ಗಬೇಡಿ, ಮುಖ್ಯವಾಗಿ ಮಾವ.

ಮಾವ: ಆಯ್ತು. ಆದರೂ ಆ ಹುಡುಗನ ಸ್ಟೀರಿಂಗ್ ಬಿಗಿಯಾಗಿಯೇ ಇತ್ತು.