ಫಾರ್ವರ್ಡ್ ಮಾಡಿದ್ದು ದೊಡ್ಡಪ್ಪ

(ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಮೊನ್ನೆ ರಾತ್ರಿ ನಡೆದದ್ದು. ಮಗಳ ಹೆಸರು ತೆಗೆದಿದ್ದೇನೆ. ಜಗಳದ ಮಧ್ಯೆ ಬಂದ ಗುಡ್‌ನೈಟ್ ಚಿತ್ರಗಳನ್ನೂ ತೆಗೆದಿದ್ದೇನೆ.)

ದೊಡ್ಡಪ್ಪ: (ಫಾರ್ವರ್ಡ್) ಎಚ್ಚರ ಪೋಷಕರೇ!! ಮಕ್ಕಳಿಗೆ ಬೈಪೋಲಾರ್ (ಮನಸ್ಸು ಕೆಲವು ದಿನ ವಿಪರೀತ ಉಬ್ಬುವುದು, ಕೆಲವು ದಿನ ಕುಸಿಯುವುದು) ಎನ್ನುವ ಕಾಯಿಲೆಯೇ ಇಲ್ಲ. ಎಲ್ಲಾ ಮಾತ್ರೆ ಕಂಪನಿಗಳ ಮೋಸ. 21 ದಿನ ಮೊಬೈಲ್ ಕಿತ್ತಿಡಿ, ಮಗು ತಾನೇ ಸರಿಹೋಗುತ್ತದೆ. 10 ಜನರಿಗೆ ಕಳಿಸಿ.

ಅತ್ತೆ: ತುಂಬಾ ಒಳ್ಳೆಯ ಮಾಹಿತಿ ಅಣ್ಣ.

ವಿದ್ಯಾ: ದೊಡ್ಡಪ್ಪ, ಇದನ್ನು ಬರೆದವರು ಯಾರು?

ದೊಡ್ಡಪ್ಪ: ಗೊತ್ತಿಲ್ಲಮ್ಮ. ನಿನಗೆ ಉಪಯೋಗಕ್ಕೆ ಬರಲಿ ಅಂತ ಹಾಕಿದೆ.

ವಿದ್ಯಾ: ಮೊಬೈಲ್ ನಾವೂ ಕಿತ್ತಿಟ್ಟಿದ್ದೆವು. ಆಮೇಲೂ ಐದು ರಾತ್ರಿ ಮಗಳು ಸರಿಯಾಗಿ ಮಲಗಲಿಲ್ಲ. ಬೆಳಗಿನ ಜಾವ ಮೂರು ಗಂಟೆಗೆ ಬೀರುವಿನ ಬಟ್ಟೆಯನ್ನೆಲ್ಲ ನೆಲಕ್ಕೆ ಸುರಿದುಕೊಂಡು ಬಣ್ಣ ನೋಡಿ ಜೋಡಿಸುತ್ತಿದ್ದಳು. ಬೆಳಿಗ್ಗೆ ಮುಖದಲ್ಲಿ ಒಂದು ಚೂರೂ ಸುಸ್ತಿಲ್ಲ. ನನಗೆ ಹೆದರಿಕೆಯಾದದ್ದೇ ಅದಕ್ಕೆ.

ಅತ್ತೆ: 15ರ ವಯಸ್ಸು ಕಣೇ. ಆ ವಯಸ್ಸಲ್ಲಿ ನೀನೇನು ಕಡಿಮೆ ಇದ್ದೆಯಾ?

ರಘು: ಅಕ್ಕ, ಬೈಯಬೇಡಿ. ಆ ಮೆಸೇಜು ಸುಳ್ಳೇ. ಆದರೆ ಈ ಹೆಸರನ್ನು ಜಾಸ್ತಿ ಬಳಸಿದ್ದೂ ನಿಜ. ಅಮೆರಿಕದಲ್ಲಿ ಸದಾ ಸಿಡುಕುವ ಮಕ್ಕಳಿಗೆಲ್ಲ ಬೈಪೋಲಾರ್ ಅಂತ ಹಚ್ಚುವುದು ವಿಪರೀತವಾಯಿತು. ಅದಕ್ಕೇ ಮನಸ್ಸಿನ ಕಾಯಿಲೆ ಗುರುತಿಸಲು ಡಾಕ್ಟರುಗಳು ನೋಡುವ ಅಲ್ಲಿನ ಕೈಪಿಡಿ, 2013ರಲ್ಲಿ ಬಂದ ಡಿಎಸ್‌ಎಂ-5ರಲ್ಲಿ ಅಂಥ ಮಕ್ಕಳಿಗೆ ಬೇರೆ ಹೆಸರೇ ಕೊಟ್ಟರು.

ವಿದ್ಯಾ: ಗೊತ್ತು ರಘು. ಡಾಕ್ಟರೂ ಮೊದಲು ಅದನ್ನೇ ನೋಡಿದರು. ವರ್ಷಪೂರ್ತಿ ಸಿಡುಕಿದ್ದರೆ ಅದು ಬೇರೆ. ಇದು ಬಂದು ಹೋಗುತ್ತದೆ. ಉಬ್ಬರ ಬಂದರೆ ಒಂದು ವಾರ, ಕುಸಿದರೆ ಎರಡು ವಾರಕ್ಕೂ ಜಾಸ್ತಿ. ಮೊದಲ ಸಲ ಹೋದಾಗ ಅವರು ಕಾಯಿಲೆಯ ಹೆಸರೇ ಹೇಳಲಿಲ್ಲ. ಥೈರಾಯ್ಡ್ ಪರೀಕ್ಷೆ ಮಾಡಿಸಿದರು. ದಿನಾ ಎಷ್ಟು ಹೊತ್ತಿಗೆ ಮಲಗಿದಳು, ಎದ್ದಳು ಅಂತ ಬರೆದಿಡಲು ಹೇಳಿದರು. ಬೈಪೋಲಾರ್ ಇದ್ದು, ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಉಬ್ಬರ ಏಳಬಹುದಂತೆ.

ಅತ್ತೆ: ನೋಡಿದೆಯಾ! ನಾನೂ ಅದೇ ಹೇಳಿದ್ದು, ಮಾತ್ರೆ ಬೇಡ ಅಂತ.

ವಿದ್ಯಾ: ಅಯ್ಯೋ ಅತ್ತೆ, ಅದಲ್ಲ! ಯಾವ ಮಾತ್ರೆ ಅಂತ ನೋಡಿ ಕೊಡಬೇಕು ಅಂದೆ. ಕೊಟ್ಟದ್ದನ್ನು ನಾವೇ ತಟ್ಟನೆ ನಿಲ್ಲಿಸಿದರೆ ಮತ್ತೆ ಮರುಕಳಿಸಬಹುದು. ಈ ಫಾರ್ವರ್ಡ್ ನೋಡಿ ಅವಳು ಮಾತ್ರೆ ಬಿಸಾಡಿದರೆ ಏನು ಮಾಡಲಿ?

ದೊಡ್ಡಪ್ಪ: ಅವಳು ಈ ಗುಂಪಿನಲ್ಲಿ ಇಲ್ಲವಲ್ಲ?

ವಿದ್ಯಾ: ನನ್ನ ಫೋನ್ ನೋಡುತ್ತಾಳೆ ಅಲ್ವಾ. ಇಷ್ಟನ್ನೂ ಅವಳನ್ನು ಕೇಳಿಯೇ ಬರೆದೆ. "ಬರಿ, ಆದರೆ ಯಾರೂ ಪಾಪ ಅನ್ನಬಾರದು" ಅಂದಳು.

ರಘು: ಹಾಗಾದರೆ ನೀವು ಯಾರನ್ನು ಕೇಳುತ್ತೀರಿ ಅಕ್ಕ?

ವಿದ್ಯಾ: ಮೊದಮೊದಲು ರಾತ್ರಿಯಿಡೀ ಗೂಗಲ್. ತಲೆ ಕೆಟ್ಟುಹೋಯಿತು. ಈಗ ಮಕ್ಕಳ ಮನೋವೈದ್ಯರು, ಮತ್ತೆ ಇಂಥದ್ದೇ ಮಕ್ಕಳಿರುವ ಅಪ್ಪ ಅಮ್ಮಂದಿರ ಸಣ್ಣ ಗುಂಪು. ಅಲ್ಲಿ ಯಾರೂ ಯಾರಿಗೂ ಮಾತ್ರೆ ಹೇಳುವ ಹಾಗಿಲ್ಲ. ಶಾಲೆಯವರಿಗೆ ಎಷ್ಟು ಹೇಳುವುದು, ಅವಳ ತಮ್ಮನಿಗೆ ಏನಂತ ಹೇಳುವುದು, ಇಂಥವೇ ಮಾತು. ಮಗು ಸಾಯುವ ಮಾತಾಡಿದರೆ ಗುಂಪಿನಲ್ಲಿ ಕೇಳುತ್ತಾ ಕೂರುವುದಲ್ಲ, ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದುಕೊಂಡು ಓಡುವುದು ಅಂತ ಕಲಿತದ್ದೂ ಅಲ್ಲೇ.

ವಿದ್ಯಾ: ಒಂದಕ್ಕೆ ಮಾತ್ರ ಅಲ್ಲೂ ಉತ್ತರ ಇಲ್ಲ. ಮನೆಯಲ್ಲಿ ಹಿಂದೆ ಯಾರಿಗಾದರೂ ಇತ್ತಾ ಅಂತ ಡಾಕ್ಟರು ಎರಡು ಸಲ ಕೇಳಿದರು. ಇಲ್ಲ ಅಂತ ಬರೆಸಿದ್ದೇನೆ.

(ಹನ್ನೊಂದು ನಿಮಿಷ ಯಾರೂ ಬರೆಯಲಿಲ್ಲ. ದೊಡ್ಡಪ್ಪ ಟೈಪ್ ಮಾಡುತ್ತಿದ್ದಾರೆ ಅಂತ ಬರುವುದು, ಮಾಯವಾಗುವುದು.)

ಅತ್ತೆ: ಅಣ್ಣ, ಈಗ ಬೇಡ.

ದೊಡ್ಡಪ್ಪ: ಬೇಡ ಬೇಡ ಅಂತಲೇ 40 ವರ್ಷ ಆಯಿತು. ವಿದ್ಯಾ, ನಿನ್ನ ಚಿಕ್ಕಪ್ಪ ದುಂದುಗಾರ ಅಂತ ನಿಮಗೆಲ್ಲ ಹೇಳಿದ್ದೆವು. ದುಂದಲ್ಲ ಅದು. ವಾರಗಟ್ಟಲೆ ಮಲಗುತ್ತಿರಲಿಲ್ಲ. ಆಮೇಲೆ ತಿಂಗಳುಗಟ್ಟಲೆ ಏಳುತ್ತಿರಲಿಲ್ಲ. ಮಾತ್ರೆ ನುಂಗುವಷ್ಟು ದಿನ ಚೆನ್ನಾಗಿದ್ದ. ಆಗಾಗ ರಕ್ತ ತೆಗೆದು ನೋಡುತ್ತಿದ್ದರು.

ರಘು: ಅಪ್ಪ, ನನಗೂ ಹೇಳಲಿಲ್ಲ ನೀವು.

ವಿದ್ಯಾ: ದೊಡ್ಡಪ್ಪ, ಆ ಮಾತ್ರೆ ಲಿಥಿಯಂ ಇರಬಹುದಾ? ಬೈಪೋಲಾರ್‌ಗೆ ಕೊಡುವ ಮಾತ್ರೆ ಅದು. ಅದಕ್ಕೆ ರಕ್ತ ಪರೀಕ್ಷೆ ಮಾಡುತ್ತಲೇ ಇರಬೇಕು. ಮನೆಯಲ್ಲಿ ಒಬ್ಬರಿಗೆ ಅದು ಹಿಡಿಸಿದ್ದರೆ ಡಾಕ್ಟರಿಗೆ ಅದೂ ಒಂದು ಸುಳಿವು.

ದೊಡ್ಡಪ್ಪ: ಅವನ ಚೀಟಿಗಳು ಟ್ರಂಕಿನಲ್ಲೇ ಇವೆ. ಎಸೆಯಲು ಮನಸ್ಸು ಬರಲಿಲ್ಲ. ಬೆಳಿಗ್ಗೆ ತೆಗೆದು ಫೋಟೊ ಕಳಿಸುತ್ತೇನೆ. ಗುಂಪಿಗಲ್ಲ, ನಿನಗೆ.

(ಮೇಲೆ ಹೋಗಿ ನೋಡಿದರೆ ಫಾರ್ವರ್ಡ್ ಇದ್ದ ಜಾಗದಲ್ಲಿ "ಈ ಸಂದೇಶವನ್ನು ಅಳಿಸಲಾಗಿದೆ" ಅಂತಿತ್ತು.)

ಅತ್ತೆ: ನಾನು ಆಗಲೇ ಇನ್ನೆರಡು ಗುಂಪಿಗೆ ಕಳಿಸಿಬಿಟ್ಟೆನಲ್ಲ. ವಾಪಸ್ ತೆಗೆಯೋದು ಹೇಗೆ ರಘು?